ಏಳು ಸೆಕೆಂಡಿನ ಚೀಟಿ: ನಿಮ್ಮ ಮತದ ಕಾಗದದ ಲೆಕ್ಕ ಕಾಯುವುದು ಹೇಗೆ?

"ಚೀಟಿ ಕೈಗೇ ಬರ್ಲಿಲ್ವಲ್ಲ ಮೇಷ್ಟ್ರೇ, ಅದ್ರೊಳ್ಗೇ ಬಿದ್ದೋಯ್ತು!"

2018ರ ವಿಧಾನಸಭಾ ಚುನಾವಣೆಯ ದಿನ ಅಜ್ಜಿಯೊಬ್ಬರು ನನ್ನ ಮೇಜಿನ ಮುಂದೆ ನಿಂತು ಹೀಗೆ ತಕರಾರು ತೆಗೆದಿದ್ದರು. ಬಸ್ಸಿನ ಟಿಕೆಟ್ಟಿನ ಹಾಗೆ ಹರಿದು ಕೈಗೆ ಬರುತ್ತದೆಂದು ಅವರು ಕಾದಿದ್ದರು. ನಾನು ಆ ಮತಗಟ್ಟೆಯ ಪಿಆರ್‌ಒ, ಎಂದರೆ ಅಧ್ಯಕ್ಷಾಧಿಕಾರಿ. ಒತ್ತಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರ ರಾಜ್ಯದ ಎಲ್ಲ ಮತಗಟ್ಟೆಗಳಿಗೂ ಬಂದ ಮೊದಲ ವಿಧಾನಸಭಾ ಚುನಾವಣೆ ಅದು. ಚೀಟಿ ಒಳಗೇ ಇರುತ್ತದೆ ಎಂದೆ. "ಒಳ್ಗಿದ್ರೆ ನಂಗೇನು ಪ್ರಯೋಜ್ನ?" ಎಂದು ಕೇಳಿದರು. ಹಿಂದೆ ಸಾಲು ಬೆಳೆದಿತ್ತು, ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ. ಆ ಕಾಗದದಿಂದ ಪ್ರಯೋಜನವಿದೆ, ಆದರೆ ಅದನ್ನು ಕೇಳಿ ಪಡೆಯಬೇಕು. ಕೇಳುವ ಹಕ್ಕು ಮೊದಲು ಮತದಾರರಿಗೆ, ಆಮೇಲೆ ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟರಿಗೆ, ಕೊನೆಗೆ ಅಭ್ಯರ್ಥಿಗೆ.

ಮತದಾರರು: ಬೀಪ್ ಕೇಳುವವರೆಗೆ ಕದಲಬೇಡಿ

ಬೆರಳಿಗೆ ಶಾಯಿ ಹಾಕಿಸಿಕೊಂಡು ಮರೆಯೊಳಗೆ ಹೋದಾಗ ಅಲ್ಲಿ ಎರಡು ಪೆಟ್ಟಿಗೆಗಳಿರುತ್ತವೆ. ಹೆಸರು, ಚಿಹ್ನೆಗಳಿರುವುದು ಬ್ಯಾಲೆಟ್ ಯೂನಿಟ್. ಪಕ್ಕದಲ್ಲಿ ಗಾಜಿನ ಕಿಟಕಿಯಿರುವುದು ವಿವಿಪ್ಯಾಟ್. ಮೂರನೆಯದಾದ ಕಂಟ್ರೋಲ್ ಯೂನಿಟ್ ಹೊರಗೆ ಸಿಬ್ಬಂದಿಯ ಮೇಜಿನ ಮೇಲಿರುತ್ತದೆ. ಅವರು ಗುಂಡಿ ಒತ್ತಿದರೆ ಮಾತ್ರ ನಿಮ್ಮ ಯಂತ್ರದಲ್ಲಿ ಹಸಿರು ದೀಪ ಹತ್ತುತ್ತದೆ. ಹಸಿರು ಕಂಡ ಮೇಲೆ ನೀಲಿ ಗುಂಡಿ ಒತ್ತಿ. ನಿಮ್ಮ ಅಭ್ಯರ್ಥಿಯ ಮುಂದೆ ಕೆಂಪು ದೀಪ ಬಂತೇ ನೋಡಿ. ಕೂಡಲೇ ಕಣ್ಣನ್ನು ಗಾಜಿನ ಕಡೆಗೆ ಹೊರಳಿಸಿ.

ತಪ್ಪಾಗುವುದು ಇಲ್ಲೇ. ಕೆಂಪು ದೀಪ ಕಂಡೊಡನೆ ಕೆಲಸ ಮುಗಿಯಿತೆಂದು ಬಹಳ ಜನ ತಿರುಗಿ ಹೊರಟುಬಿಡುತ್ತಾರೆ. ಚೀಟಿ ಕಾಣುವುದು ಆಮೇಲೆ. ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರೂ ಅದರ ಮೇಲಿರುತ್ತವೆ. ಏಳು ಸೆಕೆಂಡು ಗಾಜಿನ ಹಿಂದೆ ನಿಂತು, ತಾನೇ ಕತ್ತರಿಸಿಕೊಂಡು ಕೆಳಗಿನ ಮುದ್ರೆ ಹಾಕಿದ ಪೆಟ್ಟಿಗೆಗೆ ಬೀಳುತ್ತದೆ. ಆಗ ಉದ್ದನೆಯ ಬೀಪ್ ಸದ್ದು. ಗಾಜು ತುಸು ಮಬ್ಬಾಗಿರುವುದರಿಂದ ಸ್ವಲ್ಪ ಬಗ್ಗಿ ನೋಡಬೇಕು. ಕನ್ನಡಕ ಬೇಕಾದವರು ಮರೆಯದೆ ತನ್ನಿ. ಆ ದಿನ ನನ್ನ ಮತಗಟ್ಟೆಯಲ್ಲಿ ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರು ಒಬ್ಬಿಬ್ಬರಲ್ಲ.

ಚೀಟಿಯನ್ನು ಕೈಗೆ ಏಕೆ ಕೊಡುವುದಿಲ್ಲ? ಕೊಟ್ಟರೆ ಸಂಜೆಯೊಳಗೆ ಅದಕ್ಕೊಂದು ರೇಟು ಫಿಕ್ಸ್ ಆಗುತ್ತದೆ. ಹಿಂದಿನ ರಾತ್ರಿ ಕವರ್ ಹಂಚಿದವನು ಮಾರನೆಯ ದಿನ "ಎಲ್ಲಿ, ಚೀಟಿ ತೋರ್ಸು" ಎನ್ನುತ್ತಾನೆ. ಚೀಟಿಯನ್ನು ಮತದಾರರ ಕೈಗೆ ಕೊಟ್ಟು, ಅವರೇ ಪೆಟ್ಟಿಗೆಗೆ ಹಾಕುವಂತಾಗಲಿ ಎಂಬ ಬೇಡಿಕೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2024ರಲ್ಲಿ ಕೋರ್ಟು ಒಪ್ಪಲಿಲ್ಲ.

ಚೀಟಿಯಲ್ಲಿ ಬೇರೆ ಹೆಸರು ಬಂದರೆ

ಹೊರಗೆ ಹೋಗಿ ಕೂಗಾಡಬೇಡಿ. ಒಳಗೇ ನಿಂತು ಅಧ್ಯಕ್ಷಾಧಿಕಾರಿಗೆ ಹೇಳಿ. ಚುನಾವಣಾ ನಡವಳಿಕೆ ನಿಯಮಗಳಲ್ಲಿ 49ಎಂಎ ಎಂಬ ನಿಯಮ ಇದಕ್ಕೆಂದೇ ಇದೆ. ಸುಳ್ಳು ಹೇಳಿಕೆಗೆ ಶಿಕ್ಷೆಯಿದೆ ಎಂದು ಅಧಿಕಾರಿ ಮೊದಲು ಎಚ್ಚರಿಸುತ್ತಾರೆ, ಆಮೇಲೆ ಲಿಖಿತ ಘೋಷಣೆ ಬರೆಸಿಕೊಳ್ಳುತ್ತಾರೆ. ಮತದಾರರ ರಿಜಿಸ್ಟರಿನಲ್ಲಿ, ಅಂದರೆ 17ಎ ನಮೂನೆಯಲ್ಲಿ, ನಿಮ್ಮ ಹೆಸರು ಎರಡನೇ ಸಲ ದಾಖಲಾಗುತ್ತದೆ. ಬಳಿಕ ಅಧಿಕಾರಿ ಮತ್ತು ಏಜೆಂಟರ ಎದುರಿಗೇ ನೀವು ಒಂದು ಪರೀಕ್ಷಾ ಮತ ಹಾಕಬೇಕು. ಆ ಚೀಟಿಯಲ್ಲೂ ತಪ್ಪು ಕಂಡರೆ ಮತದಾನ ನಿಲ್ಲುತ್ತದೆ, ಚುನಾವಣಾಧಿಕಾರಿಗೆ ವರದಿ ಹೋಗುತ್ತದೆ. ಚೀಟಿ ಸರಿಯಿದ್ದರೆ ಹಾಗೆಂದು ಬರೆದು ನಿಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಪರೀಕ್ಷಾ ಮತವನ್ನು ಎಣಿಕೆಯಲ್ಲಿ ಕಳೆಯುತ್ತಾರೆ.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಶಿಕ್ಷೆಯ ಮಾತು ಬಂದಾಗ ಮಾತ್ರ ಎದೆ ಡವಡವ ಎನ್ನುತ್ತದೆ. ಹಿಂದೆ ಭಾರತೀಯ ದಂಡ ಸಂಹಿತೆಯ 177ನೇ ಕಲಮಿನಲ್ಲಿದ್ದ ಆರು ತಿಂಗಳವರೆಗಿನ ಸೆರೆ ಈಗ ನ್ಯಾಯ ಸಂಹಿತೆಯ 212ನೇ ಕಲಮಿಗೆ ಬಂದಿದೆ. 2019ರಲ್ಲಿ ಅಸ್ಸಾಮಿನ ನಿವೃತ್ತ ಪೊಲೀಸ್ ಮಹಾನಿರ್ದೇಶಕರೊಬ್ಬರು ತಾವು ಹಾಕಿದ ಮತಕ್ಕೆ ಬೇರೆ ಹೆಸರಿನ ಚೀಟಿ ಬಂತೆಂದು ಪತ್ರಕರ್ತರಿಗೆ ಹೇಳಿದರು. ಲಿಖಿತ ದೂರು ಮಾತ್ರ ಕೊಡಲಿಲ್ಲ, ಸಾಬೀತಾಗದಿದ್ದರೆ ಜೈಲೆಂಬ ಅಂಜಿಕೆ. ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದವರೇ ಅಂಜಿದ ಮೇಲೆ ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರ ಪಾಡೇನು? ನನ್ನ ಮಟ್ಟಿಗೆ ಈ ನಿಯಮದಲ್ಲಿ ಇನ್ನೊಂದು ಕೊರತೆಯೂ ಇದೆ. ಪರೀಕ್ಷಾ ಮತದಿಂದ ಯಂತ್ರ ಈಗ ಸರಿಯಿದೆಯೇ ಎಂದಷ್ಟೇ ಗೊತ್ತಾಗುತ್ತದೆ, ಐದು ನಿಮಿಷದ ಹಿಂದೆ ಏನಾಯಿತೆಂಬುದು ಗೊತ್ತಾಗುವುದಿಲ್ಲ. ಅಂಜಬೇಡಿ ಎಂದು ನಾನು ಹೇಳಲಾರೆ. ನಿಮ್ಮ ಕಣ್ಣಿನ ಮೇಲೆ ನಿಮಗೆ ಭರವಸೆಯಿದ್ದರೆ ಬರೆದುಕೊಡಿ. ಬರೆದುಕೊಡದ ಮಾತಿಗೆ ಚುನಾವಣೆಯಲ್ಲಿ ಲೆಕ್ಕವಿಲ್ಲ.

ಏಜೆಂಟರು: ಬೆಳಿಗ್ಗೆ ಐದೂವರೆಗೇ ಹಾಜರಾಗಿ

ಎಲ್ಲ ಪಕ್ಷಗಳ ಭಾಷಣದಲ್ಲೂ ಕಾಗದದ ಮೇಲೆ ಪ್ರೀತಿ ಉಕ್ಕುತ್ತದೆ. ಆ ಪ್ರೀತಿ ಎಷ್ಟಿದೆಯೆಂದು ನೋಡಬೇಕಾದರೆ ಮತದಾನದ ದಿನ ಬೆಳಿಗ್ಗೆ ಮತಗಟ್ಟೆಗೆ ಹೋಗಬೇಕು. ಏಳಕ್ಕೆ ಮತದಾನವಿದ್ದರೆ ಒಂದೂವರೆ ಗಂಟೆ ಮೊದಲು ಅಣಕು ಮತದಾನ. ಏಜೆಂಟರಿಗಾಗಿ ಹದಿನೈದು ನಿಮಿಷ ಕಾಯುತ್ತೇವೆ, ಬಾರದಿದ್ದರೆ ಶುರು ಮಾಡುತ್ತೇವೆ. ಟೀ ಕುಡಿದು ನಿಧಾನಕ್ಕೆ ಆರೂವರೆಗೆ ಬಂದು "ಎಲ್ಲಾ ಆಯ್ತಾ ಸಾರ್, ಎಲ್ಲಿ ಸೈನ್ ಹಾಕ್ಬೇಕು?" ಎಂದವರನ್ನು ನಾನು ಕಂಡಿದ್ದೇನೆ.

ಅಣಕು ಮತದಾನದಲ್ಲಿ ಕನಿಷ್ಠ 50 ಮತ ಬೀಳಬೇಕು, ನೋಟಾ ಸೇರಿ ಎಲ್ಲ ಗುಂಡಿಗಳನ್ನೂ ಒತ್ತಬೇಕು. ಯಾರಿಗೆ ಎಷ್ಟು ಎಂದು ಒಂದು ಹಾಳೆಯಲ್ಲಿ ನೀವೂ ಗೆರೆ ಹಾಕಿಕೊಳ್ಳಿ. ಕಂಟ್ರೋಲ್ ಯೂನಿಟ್ಟಿನ ಲೆಕ್ಕ, ಚೀಟಿಯ ಲೆಕ್ಕ, ನಿಮ್ಮ ಗೆರೆ, ಮೂರೂ ತಾಳೆಯಾಗಬೇಕು. ಆಮೇಲೆ ಎರಡು ವಿಷಯಗಳನ್ನು ಬಿಡದೆ ಗಮನಿಸಿ. ಕಂಟ್ರೋಲ್ ಯೂನಿಟ್ಟಿನಲ್ಲಿ ಕ್ಲಿಯರ್ ಒತ್ತಿ ಸೊನ್ನೆ ತೋರಿಸಿದರೇ? ವಿವಿಪ್ಯಾಟ್ ಪೆಟ್ಟಿಗೆಯಿಂದ ಅಣಕು ಚೀಟಿಗಳನ್ನೆಲ್ಲ ತೆಗೆದು, ಹಿಂಬದಿಗೆ ಮೊಹರು ಒತ್ತಿ, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಿದರೇ? ಖಾಲಿ ಪೆಟ್ಟಿಗೆಯೊಳಗೆ ಇಣುಕಿ ನೋಡುವುದು ನಿಮ್ಮ ಹಕ್ಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಣಿಕೆಯ ದಿನ ಲಾಟರಿ ಎತ್ತಿ ಆರಿಸಿದ ಮತಗಟ್ಟೆಗಳಲ್ಲಿ ಎಣಿಸಿದ ನಾಲ್ಕು ಕೋಟಿಗೂ ಹೆಚ್ಚು ಚೀಟಿಗಳಲ್ಲಿ ತಾಳೆಯಾಗದ ಪ್ರಕರಣ ಒಂದೇ ಎಂದು ಚುನಾವಣಾ ಆಯೋಗ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಅದು 2019ರಲ್ಲಿ ಆಂಧ್ರದ ಮೈದುಕೂರು ಕ್ಷೇತ್ರದ ಒಂದು ಮತಗಟ್ಟೆ. ಅಲ್ಲಿ ಆದದ್ದು ಅಣಕು ಮತಗಳನ್ನು ಅಳಿಸಲು ಮರೆತದ್ದು.

ಸಂಜೆಯ ಕೆಲಸ ಒಂದೇ, 17ಸಿ ನಮೂನೆ. ಒಟ್ಟು ಎಷ್ಟು ಮತ ಬಿತ್ತು, ಯಂತ್ರಗಳ ಸಂಖ್ಯೆ ಯಾವುದು, ಸೀಲ್ ನಂಬರ್ ಏನು ಎಲ್ಲವೂ ಅದರಲ್ಲಿರುತ್ತದೆ. ಅದರ ದೃಢೀಕೃತ ಪ್ರತಿಯನ್ನು ಏಜೆಂಟರಿಗೆ ಕೊಡಲೇಬೇಕು. ಕಂಟ್ರೋಲ್ ಯೂನಿಟ್ಟಿನ 'ಟೋಟಲ್' ಗುಂಡಿ ಒತ್ತಿಸಿ, ಅಂಕಿಯನ್ನು ಕಣ್ಣಾರೆ ಕಂಡು ಸಹಿ ಮಾಡಿ. ಯಂತ್ರಗಳನ್ನು ವಾಪಸ್ ಒಪ್ಪಿಸಲು ಕರೆದೊಯ್ಯುವ ಡಿಮಸ್ಟರಿಂಗ್ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಎಲ್ಲರಿಗೂ ಮನೆ ಸೇರುವ ಅವಸರ. ನಾನು ಬರೆದುಕೊಟ್ಟ ನಾಲ್ಕು ಪ್ರತಿಗಳಲ್ಲಿ ಒಂದು ಶಾಲೆಯ ಬೆಂಚಿನ ಮೇಲೇ ಉಳಿದಿತ್ತು, ಮೇಲೊಂದು ಚಿತ್ರಾನ್ನದ ಪೊಟ್ಟಣ.

ಪಕ್ಷಗಳ ಕಾಗದ ಪ್ರೀತಿಯನ್ನು ಓದುವುದು ಹೇಗೆ?

ಸೂತ್ರ ಸರಳ: ಹೇಳುವವರು ಆಗ ಎಲ್ಲಿ ಕೂತಿದ್ದರು ನೋಡಿ. 2009ರ ಸೋಲಿನ ನಂತರ ಮತಯಂತ್ರವನ್ನು ಪ್ರಶ್ನಿಸಿದವರಲ್ಲಿ ಬಿಜೆಪಿಯ ಎಲ್.ಕೆ. ಅಡ್ವಾಣಿ ಇದ್ದರು. 2010ರ ಅಕ್ಟೋಬರ್‌ನಲ್ಲಿ ಆಯೋಗ ಕರೆದ ಸರ್ವಪಕ್ಷ ಸಭೆಯಲ್ಲಿ ಕಾಗದದ ದಾಖಲೆ ಬೇಕೆಂಬ ಮಾತು ಬಂತು. ಸುಬ್ರಮಣಿಯನ್ ಸ್ವಾಮಿ ಕೋರ್ಟಿಗೆ ಹೋದರು. 2013ರ ಸೆಪ್ಟೆಂಬರ್‌ನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲ ಸಲ ವಿವಿಪ್ಯಾಟ್ ಬಳಸಿದರು. ಮುಂದಿನ ತಿಂಗಳು, ಅಕ್ಟೋಬರ್ 8ರಂದು, ಮುಕ್ತ ಚುನಾವಣೆಗೆ ಕಾಗದದ ಜಾಡು ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ ಸ್ವಾಮಿ ಅರ್ಜಿಯ ಮೇಲೆ ತೀರ್ಪು ಕೊಟ್ಟಿತು. 2014ರ ಲೋಕಸಭಾ ಚುನಾವಣೆಯಲ್ಲಿ ವಿವಿಪ್ಯಾಟ್ ಇದ್ದ ಎಂಟೇ ಕ್ಷೇತ್ರಗಳಲ್ಲಿ ನಮ್ಮ ಬೆಂಗಳೂರು ದಕ್ಷಿಣವೂ ಒಂದು.

ಆಮೇಲೆ ಕುರ್ಚಿ ಬದಲಾಯಿತು, ಮಾತೂ ಬದಲಾಯಿತು. 2017ರ ಉತ್ತರ ಪ್ರದೇಶ ಫಲಿತಾಂಶದ ಮರುದಿನಗಳಲ್ಲಿ ಮಾಯಾವತಿ, ಕೇಜ್ರಿವಾಲ್ ಯಂತ್ರದ ಮೇಲೆ ಬೊಟ್ಟು ಮಾಡಿದರು. ಅದೇ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 16.15 ಲಕ್ಷ ವಿವಿಪ್ಯಾಟ್‌ಗಳಿಗೆ 3,173 ಕೋಟಿ ರೂಪಾಯಿ ಮಂಜೂರು ಮಾಡಿತು. ಮಾಡಿಕೊಡುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ನಮ್ಮ ಜಾಲಹಳ್ಳಿಯ ಬಿಇಎಲ್. 2018ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಮಹಾಧಿವೇಶನ ಹಳೇ ಮತಪತ್ರವೇ ವಾಪಸ್ ಬರಲಿ ಎಂದಿತು. 2019ರಲ್ಲಿ ಚಂದ್ರಬಾಬು ನಾಯ್ಡು ಮುಂದಾಳುತನದಲ್ಲಿ 21 ಪಕ್ಷಗಳು ಅರ್ಧದಷ್ಟು ಚೀಟಿ ಎಣಿಸಿ ಎಂದು ಕೋರ್ಟು ಹತ್ತಿದವು. ಏಪ್ರಿಲ್ 8ರಂದು ಸಿಕ್ಕಿದ್ದು, ವಿಧಾನಸಭಾ ಕ್ಷೇತ್ರಕ್ಕೆ ಒಂದು ಮತಗಟ್ಟೆಯ ಬದಲು ಐದು.

ಹಾಗೆಂದು ಬೇಡಿಕೆ ಪೊಳ್ಳೆನ್ನಲಾಗದು. ಸೋತವನ ಬಾಯಿಂದ ಬಂದರೂ ಪ್ರಶ್ನೆ ಪ್ರಶ್ನೆಯೇ. ವಿವಿಪ್ಯಾಟ್ ಹುಟ್ಟಿದ್ದೇ ಅಂಥ ಬಾಯಿಗಳಿಂದ.

ಎಣಿಕೆಯ ದಿನ

ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿ ಎಣಿಸುತ್ತಾರೆ. ಲೋಕಸಭೆಯಾದರೆ ಅದರೊಳಗಿನ ಒಂದೊಂದು ವಿಧಾನಸಭಾ ಕ್ಷೇತ್ರಕ್ಕೂ ಐದು. ಪೋಸ್ಟ್‌ಕಾರ್ಡ್ ಅಳತೆಯ ಬಿಳಿ ಕಾರ್ಡುಗಳಲ್ಲಿ ಮತಗಟ್ಟೆ ಸಂಖ್ಯೆ ಬರೆದು, ನಾಲ್ಕು ಮಡಿಕೆ ಮಾಡಿ, ಡಬ್ಬಿಗೆ ಹಾಕಿ ಕುಲುಕಿ ಎತ್ತುತ್ತಾರೆ. ಡಬ್ಬಿಗೆ ಹಾಕುವ ಮುನ್ನ ಎಲ್ಲ ಸಂಖ್ಯೆಗಳೂ ಇವೆಯೇ ಎಂದು ನೋಡಲು ಏಜೆಂಟರು ಕೇಳಬಹುದು. ಬ್ಯಾಂಕ್ ಕ್ಯಾಷಿಯರ್ ಕೂರುವಂಥ ಜಾಲರಿ ಗೂಡಿನಲ್ಲಿ ಚೀಟಿಗಳನ್ನು ಅಭ್ಯರ್ಥಿವಾರು ವಿಂಗಡಿಸಿ 25ರ ಕಟ್ಟು ಕಟ್ಟುತ್ತಾರೆ. ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ಗೆಲ್ಲುವುದು ಚೀಟಿ. ಅದೇ ನಡವಳಿಕೆ ನಿಯಮಗಳ 56ಡಿಯಲ್ಲೇ ಹಾಗಿದೆ.

ಕರ್ನಾಟಕದ 224 ಕ್ಷೇತ್ರಗಳಿಗೆ ಲೆಕ್ಕ ಹಾಕಿದರೆ 1,120 ಮತಗಟ್ಟೆಗಳು. ಇರುವುದು 58 ಸಾವಿರಕ್ಕೂ ಹೆಚ್ಚು. ನೂರಕ್ಕೆ ಎರಡೂ ಆಗಲಿಲ್ಲ. ಇಡೀ ದೇಶಕ್ಕೆ 479 ಯಂತ್ರ ಪರೀಕ್ಷಿಸಿದರೆ ಸಾಕೆಂದು ಭಾರತೀಯ ಸಾಂಖ್ಯಿಕ ಸಂಸ್ಥೆಯ ವರದಿಯಿತ್ತು, ಕ್ಷೇತ್ರಕ್ಕೆ ಐದರಂತೆ ಎಣಿಸುವುದು ಅದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಆಯೋಗದ ವಾದ. ಗಣಿತ ಕಲಿಸಿದವನಾಗಿ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ದೇಶವನ್ನು ಒಂದೇ ಮೂಟೆ ಎಂದುಕೊಂಡರೆ 479 ಸರಿ. ಆದರೆ ಗೆಲುವು ನಿರ್ಧಾರವಾಗುವುದು ಕ್ಷೇತ್ರ ಕ್ಷೇತ್ರದಲ್ಲಿ. ಒಂದು ಮೂಟೆಯ ಅಕ್ಕಿ ನೋಡಿ ಇನ್ನೊಂದರಲ್ಲಿ ಕಲ್ಲಿಲ್ಲ ಎನ್ನಲಾಗದು.

ಆದ್ದರಿಂದ ಅಂತರ ಕಡಿಮೆಯಿದ್ದಾಗ ಅಭ್ಯರ್ಥಿ ಸುಮ್ಮನಿರಬಾರದು. ಫಲಿತಾಂಶ ಘೋಷಣೆಗೆ ಮೊದಲೇ 56ಡಿ ಅಡಿ ಬರವಣಿಗೆಯಲ್ಲಿ, ಇಂಥ ಮತಗಟ್ಟೆಗಳ ಚೀಟಿ ಎಣಿಸಿ ಎಂದು ಕಾರಣ ಸಹಿತ ಕೇಳಬೇಕು. ಆ 17ಸಿ ಪ್ರತಿ ಕೆಲಸಕ್ಕೆ ಬರುವುದು ಆಗ. ಚುನಾವಣಾಧಿಕಾರಿ ಒಪ್ಪಬಹುದು, ಬಿಡಬಹುದು. ಎರಡಕ್ಕೂ ಕಾರಣವನ್ನು ಬರೆದೇ ಕೊಡಬೇಕು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಮತದಿಂದ ಗೆದ್ದರು. ಆಗ ಯಂತ್ರವಿತ್ತು, ಕಾಗದವಿರಲಿಲ್ಲ. ಯಂತ್ರದ ಮತಗಳ ಮರುಎಣಿಕೆ ಎಂದರೆ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಅದೇ ಅಂಕಿಯನ್ನು ನೋಡುವುದಷ್ಟೇ.

ಘೋಷಣೆಯಾದ ಮೇಲೂ ಒಂದು ದಾರಿಯಿದೆ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ನೂರಕ್ಕೆ ನೂರು ಎಣಿಕೆಯನ್ನೂ ಮತಪತ್ರವನ್ನೂ ತಳ್ಳಿಹಾಕಿ ಇದನ್ನು ಕೊಟ್ಟರು. ಎರಡನೇ, ಮೂರನೇ ಸ್ಥಾನದವರು ಏಳು ದಿನದೊಳಗೆ ಅರ್ಜಿ ಹಾಕಿದರೆ ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಮೈಕ್ರೋಕಂಟ್ರೋಲರ್, ಅಂದರೆ ಒಳಗಿನ ಚಿಪ್, ಪರಿಶೀಲಿಸಬೇಕು. ಖರ್ಚು ಅರ್ಜಿದಾರರದು, ಕೈಚಳಕ ಪತ್ತೆಯಾದರೆ ಹಣ ವಾಪಸ್. ಆ ವರ್ಷ ಆಯೋಗ ಮೂರೂ ಯಂತ್ರಗಳ ಒಂದು ಸೆಟ್ಟಿಗೆ 40,000 ರೂಪಾಯಿ, ಮೇಲೆ ಜಿಎಸ್‌ಟಿ ನಿಗದಿ ಮಾಡಿತು. ಲೋಕಸಭೆಗೆ ಸೋತು ಅರ್ಜಿ ಹಾಕಿದವರಲ್ಲಿ ಬಿಜೆಪಿ, ಕಾಂಗ್ರೆಸ್, ವೈಎಸ್‌ಆರ್‌ಸಿಪಿ, ಡಿಎಂಡಿಕೆ ಎಲ್ಲರೂ ಇದ್ದರು. ಸೂತ್ರ ನೆನಪಿದೆಯಲ್ಲ?

ಪಂಚಾಯಿತಿ, ಪಾಲಿಕೆಗೆ ಬೇರೆ ಲೆಕ್ಕ

ಮೇಲೆ ಹೇಳಿದ್ದೆಲ್ಲ ವಿಧಾನಸಭೆ, ಲೋಕಸಭೆಗೆ. ಸ್ಥಳೀಯ ಸಂಸ್ಥೆಗಳ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅವಕ್ಕೆಲ್ಲ ಮತಪತ್ರವನ್ನೇ ಬಳಸಿ ಎಂದು ಶಿಫಾರಸು ಮಾಡಲು ತೀರ್ಮಾನಿಸಿತು. ಹಿಂದೊಮ್ಮೆ ಯಂತ್ರವನ್ನು ಅನುಮಾನಿಸಿದ್ದ ಬಿಜೆಪಿ ಇದನ್ನು ಹಿಂದಕ್ಕೆ ಹೋಗುವ ಹೆಜ್ಜೆ ಎಂದು ಟೀಕಿಸಿತು.

ಮತಪತ್ರ ಬಂದರೆ ನಮ್ಮ ಅಜ್ಜಿಗೆ ಕಾಗದ ಕೈಗೇ ಸಿಗುತ್ತದೆ. ಆದರೆ ಅದನ್ನು ಮಡಿಸುವುದು ಮರೆತುಹೋಗಿರಬಹುದು. ಮೊಹರನ್ನು ಒಂದೇ ಚಿಹ್ನೆಯ ಮನೆಯೊಳಗೆ ಒತ್ತಿ, ಶಾಯಿ ಆರಲು ಒಂದು ಗಳಿಗೆ ಬಿಡಿ. ಮೊದಲು ಉದ್ದಕ್ಕೆ ಮಡಿಸಿ, ಆಮೇಲೆ ಅಡ್ಡಕ್ಕೆ. ಅಡ್ಡಕ್ಕೆ ಮೊದಲು ಮಡಿಸಿದರೆ ಹಸಿ ಶಾಯಿ ಇನ್ನೊಬ್ಬರ ಚಿಹ್ನೆಯ ಮೇಲೆ ಅಂಟುತ್ತದೆ.