‘ಅಂತೆ’ ಅನ್ನೋ ಪದ ಸಿಕ್ಕ ಮೇಲೆ

ಜೋಸೆಫ್ ಸ್ಮಿತ್ ಶುರುಮಾಡಿದ, ಜನ ಮಾರ್ಮನ್ ಅಂತ ಕರೆಯುವ ಚರ್ಚು ನಮ್ಮದು. ಅಲ್ಲಿ ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು, ಆ ದುಡ್ಡನ್ನು ಕಷ್ಟದಲ್ಲಿರುವವರಿಗೆ ಅಂತ ಕೊಡುತ್ತೇವೆ. ಅವತ್ತು ಯಾರ ಭಾಷಣವೂ ಇರುವುದಿಲ್ಲ. ಮನಸ್ಸು ಬಂದವರು ಎದ್ದುಹೋಗಿ ಮೈಕಿನ ಮುಂದೆ ಸಾಕ್ಷಿ ಹೇಳುತ್ತಾರೆ. ಮೂರು ವರ್ಷದ ಮಗುವನ್ನೂ ಅಪ್ಪ ಎತ್ತಿ ಹಿಡಿದು, ಕಿವಿಯಲ್ಲಿ ಪಿಸುಗುಟ್ಟಿ ಹೇಳಿಸುತ್ತಾನೆ. ಈ ಚರ್ಚು ಸತ್ಯ ಅಂತ ನನಗೆ ಗೊತ್ತು. ಜೋಸೆಫ್ ಸ್ಮಿತ್ ದೇವರ ಪ್ರವಾದಿ ಅಂತ ನನಗೆ ಗೊತ್ತು. ನಂಬ್ತೀನಿ ಅನ್ನುವವರು ಕಡಿಮೆ. ಎಲ್ಲರಿಗೂ ‘ಗೊತ್ತು’.

ನಾನೂ ಹನ್ನೊಂದು ವರ್ಷ ಹಾಗೇ ಹೇಳಿದೆ.

ನಾನು ಮೈಸೂರಿನವನು. 2006ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಪಿಜಿಯಲ್ಲಿ ಒಬ್ಬನೇ ಇದ್ದೆ. ಆಫೀಸಿನ ಗೆಳೆಯನ ಮನೆಗೆ ಊಟಕ್ಕೆ ಹೋದಾಗ ಈ ಚರ್ಚಿನ ಪ್ರಚಾರಕರಾದ ಇಬ್ಬರು ಹುಡುಗರು ಸಿಕ್ಕರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಬ್ಯಾಡ್ಜು. ಒಬ್ಬ ಆಂಧ್ರದವನು, ಇನ್ನೊಬ್ಬ ಅಮೆರಿಕದವನು. ಇಬ್ಬರೂ ನನಗಿಂತ ಚಿಕ್ಕವರು. ಸತ್ತ ಮೇಲೂ ಕುಟುಂಬ ಒಟ್ಟಿಗೆ ಇರುತ್ತದೆ ಅಂದರು. ನನ್ನನ್ನು ಸಾಕಿದ ಅಜ್ಜಿ, ಅಮ್ಮನ ಅಮ್ಮ, ಅದಕ್ಕೆ ಎರಡು ವರ್ಷ ಮೊದಲು ತೀರಿಕೊಂಡಿದ್ದಳು. ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೊಂದೇ. ನಾಲ್ಕು ತಿಂಗಳಿಗೆ ದೀಕ್ಷಾಸ್ನಾನ ಆಯಿತು. ಅಪ್ಪ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಅಮ್ಮ ಮಾತ್ರ, ‘ಕಾಫಿನೂ ಬಿಡಬೇಕಾ?’ ಅಂತ ಕೇಳಿದಳು. ಹೌದು, ಬಿಡಬೇಕಿತ್ತು. ಕಾಫಿ, ಟೀ, ಹೆಂಡ, ತಂಬಾಕು ಬೇಡ ಅನ್ನುವ ನಿಯಮ 1833ರದು. ಮೈಸೂರಿಗೆ ಹೋದಾಗಲೆಲ್ಲ ಡಿಕಾಕ್ಷನ್ ವಾಸನೆಯ ಅಡುಗೆಮನೆಯಲ್ಲಿ ಕೂತು ಹಾರ್ಲಿಕ್ಸ್ ಕುಡಿದೆ.

ಆಮೇಲೆ ಕೆಲಸ ಅಮೆರಿಕದ ಯೂಟಾಕ್ಕೆ ಕರೆತಂದಿತು. ಅಲ್ಲೇ ನನ್ನವಳು ಸಿಕ್ಕಿದಳು. ಅವಳ ಮುತ್ತಜ್ಜಿಯ ಅಜ್ಜಿ ಆ ಕಾಲದ ಮಾರ್ಮನ್ ವಲಸಿಗರ ಜೊತೆ ಕೈಗಾಡಿ ಎಳೆದುಕೊಂಡು ಬಯಲು ದಾಟಿ ಯೂಟಾಕ್ಕೆ ಬಂದವಳು. ಇಲ್ಲಿ ಅಂಥ ವಂಶಕ್ಕೆ ನಮ್ಮೂರಿನ ಹಳೇ ಮನೆತನಗಳಿಗೆ ಇರುವಂಥದೇ ಗತ್ತು ಇದೆ. 2012ರಲ್ಲಿ ಮದುವೆ. ಮದುವೆಯಂಥ ವಿಧಿಗಳು ನಡೆಯುವ ನಮ್ಮ ಟೆಂಪಲ್ಲಿನೊಳಗೆ ರೆಕಮೆಂಡ್, ಅಂದರೆ ಚರ್ಚು ಕೊಡುವ ಅನುಮತಿಪತ್ರ, ಇದ್ದವರಿಗೆ ಮಾತ್ರ ಪ್ರವೇಶ. ಮೊದಲು ಹೊರಗೆ ಮದುವೆಯಾಗಿ ಆಮೇಲೆ ಒಳಗೆ ಹೋಗೋಣ ಅಂದರೆ ಅಮೆರಿಕದಲ್ಲಿ ಆಗ ಒಂದು ವರ್ಷ ಕಾಯಬೇಕಿತ್ತು. 2019ರಲ್ಲಿ ಆ ನಿಯಮ ತೆಗೆದರು. ನಮಗೆ ಏಳು ವರ್ಷ ತಡವಾಯಿತು. ಅಮ್ಮ ಮೈಸೂರು ಸಿಲ್ಕ್ ಸೀರೆ ಉಟ್ಟು, ಮಲ್ಲಿಗೆ ಸಿಗದೆ ಯಾವುದೋ ಬಿಳಿ ಹೂ ಮುಡಿದು, ಹೊರಗಿನ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಿದ್ದಳು. ನಾವು ಹೊರಗೆ ಬಂದಾಗ ‘ಆಯ್ತಾ?’ ಅಂದಳು. ಅಷ್ಟೇ. ಅವತ್ತು ನನಗೆ ಅನುಮಾನ ಏನೂ ಬರಲಿಲ್ಲ. ಬರಬೇಕಿತ್ತು ಅಂತ ಈಗ ಅನಿಸುತ್ತದೆ.

ಅನುಮಾನ ಬಂದದ್ದು 2014ರಲ್ಲಿ. ವಿರೋಧಿಗಳು ಬರೆದದ್ದನ್ನು ಓದಿ ಕೆಟ್ಟೆ ಅಂದುಕೊಳ್ಳಬೇಡಿ. ಚರ್ಚೇ ತನ್ನ ವೆಬ್‌ಸೈಟಿನಲ್ಲಿ 2013ರಿಂದ ಒಂದೊಂದಾಗಿ ಪ್ರಬಂಧ ಹಾಕುತ್ತಿತ್ತು. ಮಧ್ಯಾಹ್ನ ಆಫೀಸಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾ, ಬಹುಪತ್ನಿತ್ವದ ಬಗ್ಗೆ ಬರೆದದ್ದನ್ನು ಓದಿದೆ. ಜೋಸೆಫ್ ಸ್ಮಿತ್‌ಗೆ ಎಷ್ಟು ಹೆಂಡಿರು ಅನ್ನುವುದು ಅಡಿಟಿಪ್ಪಣಿಯಲ್ಲಿತ್ತು. 30ರಿಂದ 40. ಅವರಲ್ಲಿ ಒಬ್ಬಳಿಗೆ ಹದಿನೈದು ತುಂಬಲು ಇನ್ನೂ ಕೆಲವು ತಿಂಗಳು ಬಾಕಿ. ಬಹುಪತ್ನಿತ್ವ ಜೋಸೆಫ್ ನಂತರ ಚರ್ಚು ನಡೆಸಿದ ಬ್ರಿಗ್‌ಹ್ಯಾಮ್ ಯಂಗ್ ಕಾಲದ್ದು ಅಂತಲೇ ಅಲ್ಲಿವರೆಗೆ ತಿಳಿದಿದ್ದೆ. ಸ್ಯಾಂಡ್‌ವಿಚ್ ಅರ್ಧಕ್ಕೇ ಬಿಟ್ಟೆ.

ಮರುವರ್ಷ ಕಲ್ಲಿನ ಫೋಟೋ ಬಂತು. ಮೊಟ್ಟೆಯಷ್ಟು ದೊಡ್ಡ, ಚಾಕಲೇಟ್ ಬಣ್ಣದ ಕಲ್ಲು. ಅದನ್ನು ಟೋಪಿಯೊಳಗೆ ಇಟ್ಟು, ಮುಖ ಮುಚ್ಚಿ ನೋಡುತ್ತಾ ಜೋಸೆಫ್ ನಮ್ಮ ಧರ್ಮಗ್ರಂಥವಾದ ಮಾರ್ಮನ್ ಗ್ರಂಥವನ್ನು ಹೇಳಿ ಬರೆಸಿದ ಅಂತ ಹತ್ತಿರದವರೇ ಹೇಳಿದ್ದಾರೆ. ಚರ್ಚಿನ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಟೋಪಿಯೂ ಇಲ್ಲ, ಕಲ್ಲೂ ಇಲ್ಲ. ಆ ಗ್ರಂಥದ ಮೂಲ ಅನ್ನುವ ಚಿನ್ನದ ಹಾಳೆಗಳನ್ನು ಮುಂದಿಟ್ಟುಕೊಂಡು ಬೆರಳಾಡಿಸುತ್ತಾ ಓದುತ್ತಿರುವ ಯುವಕ ಇದ್ದಾನೆ. ನಿಜ ಹೇಳಬೇಕೆಂದರೆ ಕಲ್ಲು ನನಗೆ ದೊಡ್ಡ ವಿಷಯವೇ ಅಲ್ಲ. ಸಾಲಿಗ್ರಾಮ ಇದ್ದ ಮನೆಯಲ್ಲಿ ಬೆಳೆದವನು ನಾನು. ಚಿತ್ರ ಬೇರೆ ತೋರಿಸಿದ್ದು ಯಾಕೆ ಅನ್ನುವುದೇ ಚುಚ್ಚಿತು.

ನಮ್ಮ ಇನ್ನೊಂದು ಧರ್ಮಗ್ರಂಥ ಅಬ್ರಹಾಮನ ಗ್ರಂಥ, ಅದರದ್ದು ಇನ್ನೂ ಕಷ್ಟ. 1835ರಲ್ಲಿ ಕೊಂಡ ಈಜಿಪ್ಟಿನ ಪಪೈರಸ್ ಸುರುಳಿಗಳಿಂದ ಜೋಸೆಫ್ ಅದನ್ನು ಅನುವಾದಿಸಿದ ಅಂತ ನಂಬಿಕೆ. ಅದರ ಕೆಲವು ತುಂಡುಗಳು 1967ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಿಂದ ವಾಪಸ್ ಬಂದವು. ಓದಬಲ್ಲವರು ಓದಿದರು. ಸತ್ತವರ ಜೊತೆ ಇಡುವ ಮಾಮೂಲಿ ಅಂತ್ಯಸಂಸ್ಕಾರದ ಪಠ್ಯ, ಅಬ್ರಹಾಮನ ಹೆಸರೇ ಇಲ್ಲ. ಆಮೇಲೆ 1978. ಆ ವರ್ಷದ ಜೂನ್‌ವರೆಗೆ ಆಫ್ರಿಕನ್ ಮೂಲದ ಗಂಡಸರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ‘ನಿಮ್ಮಂಥ ಇಂಡಿಯನ್ನರಿಗೆ ಅದು ಅನ್ವಯಿಸುತ್ತಿರಲಿಲ್ಲ’ ಅಂತ ವಾರ್ಡಿನ, ಅಂದರೆ ನಮ್ಮ ಬಡಾವಣೆಯ ಸಭೆಯ, ಒಬ್ಬರು ಸಮಾಧಾನ ಹೇಳಿದರು. ಅದರಿಂದ ನನಗೆ ಸಮಾಧಾನ ಆಗಬೇಕಿತ್ತಾ?

ಇಲ್ಲಿನವರು ಇಂಥ ಪ್ರಶ್ನೆಗಳನ್ನು ‘ಶೆಲ್ಫ್ ಮೇಲೆ ಇಡು’ ಅಂತಾರೆ. ನಾವು ಅಟ್ಟಕ್ಕೆ ಹಾಕೋದು ಅಂತೀವಲ್ಲ, ಹಾಗೆ. ಕೊನೆಗೆ ಭಾರ ಜಾಸ್ತಿಯಾಗಿ ಶೆಲ್ಫ್ ಮುರಿಯಿತು ಅಂತಲೂ ಅವರೇ ಹೇಳುತ್ತಾರೆ. ಮೂರು ವರ್ಷ ಅಟ್ಟಕ್ಕೆ ಹಾಕಿದೆ. ನಂಬಿಕೆಯನ್ನು ಅನುಮಾನಿಸುವ ಮೊದಲು ನಿಮ್ಮ ಅನುಮಾನಗಳನ್ನೇ ಅನುಮಾನಿಸಿ ಅಂತ ಚರ್ಚಿನ ಹಿರಿಯ ನಾಯಕ ಡೀಟರ್ ಉಕ್ಟ್‌ಡಾರ್ಫ್ 2013ರ ಸಮ್ಮೇಳನದಲ್ಲಿ ಹೇಳಿದ ಮಾತನ್ನು ನನಗೆ ಕನಿಷ್ಠ ಹತ್ತು ಜನ ಒಪ್ಪಿಸಿದರು. ಚರ್ಚಿನ ನಾಯಕರೂ ತಪ್ಪು ಮಾಡಿದ್ದುಂಟು ಅಂತ ಅದೇ ಭಾಷಣದಲ್ಲಿ ಅವರು ಒಪ್ಪಿಕೊಂಡಿದ್ದನ್ನು ಒಬ್ಬರೂ ನೆನಪಿಸಲಿಲ್ಲ.

ಹೆಂಡತಿಗೆ ಹೇಳಿದ ರೀತಿ ನಾನು ಮಾಡಿದ ದೊಡ್ಡ ತಪ್ಪು. ಶನಿವಾರ ರಾತ್ರಿ ಹನ್ನೊಂದು ಗಂಟೆ. ಮಗ ಮಲಗಿದ್ದ. ಅವಳು ಮರುದಿನದ ಪಾಠಕ್ಕೆ ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಮೂರು ವರ್ಷದ್ದನ್ನೆಲ್ಲ ಒಂದೇ ಸಲ ಸುರಿದೆ. ಕಲ್ಲು, ಪಪೈರಸ್, ಹದಿನಾಲ್ಕರ ಹುಡುಗಿ. ನಡುವೆ ‘ನಿಮ್ಮ ಚರ್ಚು’ ಅಂತ ಬಾಯಿತಪ್ಪಿ ಬಂತು. ಅವಳು ಕತ್ತರಿ ಕೆಳಗಿಟ್ಟಳು. ನಾನು ಹೇಳಿದ ಒಂದು ತಾರೀಖಿನ ಬಗ್ಗೆಯೂ ಅವಳು ಕೇಳಲಿಲ್ಲ. ‘ಹಾಗಾದರೆ ಸತ್ತ ಮೇಲೆ ನೀನು ನನ್ನ ಜೊತೆ ಇರಲ್ವಾ?’ ಅಂದಳು.

ನಾನು ಇತಿಹಾಸ ಮಾತಾಡುತ್ತಿದ್ದೆ. ಅವಳಿಗೆ ಕೇಳಿಸಿದ್ದು ವಿಚ್ಛೇದನ.

ಆಮೇಲೆ ನಿಯಮ ಮಾಡಿಕೊಂಡೆವು. ಅವಳೇ ಮಾಡಿದ್ದು. ಈ ವಿಷಯ ಗುರುವಾರ ಸಂಜೆ ನಡೆಯಲು ಹೋದಾಗ ಮಾತ್ರ. ಒಂದು ಸಲಕ್ಕೆ ಒಂದೇ ಸಂಗತಿ. ಮೊದಲ ಅರ್ಧ ದಾರಿ ನಾನು, ವಾಪಸ್ ಬರುವಾಗ ಅವಳು. ಮಗನ ಮುಂದೆ ಇಬ್ಬರೂ ‘ನನಗೆ ಹೀಗನಿಸುತ್ತೆ, ಅಮ್ಮನಿಗೆ ಹಾಗನಿಸುತ್ತೆ’ ಅನ್ನಬೇಕು. ನನ್ನ ಸ್ಥಿತಿಯಲ್ಲಿ ಯಾರಾದರೂ ಇದ್ದರೆ, ಹೆಂಡತಿಗೋ ಗಂಡನಿಗೋ ಹೇಳುವ ಮೊದಲು ಓದಿದ್ದನ್ನು ಒಂದು ತಿಂಗಳು ಕೆಳಗಿಡಿ. ಓದಿದ ಬಿಸಿಯಲ್ಲಿ ಮಾತಾಡಿದರೆ ವಾದ ಮಾಡುತ್ತೀರಿ.

‘ಅಂತೆ’ ಸಿಕ್ಕಿದ್ದು ಇದೇ ಸಮಯದಲ್ಲಿ, ಫೋನಿನಲ್ಲಿ. ಅಮ್ಮ ಸುಮ್ನೆ ಕೇಳಿದಳು, ‘ನಿಮ್ಮದು ಶುರು ಆಗಿದ್ದು ಹೇಗೋ?’ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಕನ್ನಡದಲ್ಲಿ ಆ ಕಥೆಯನ್ನು ನಾನು ಯಾವತ್ತೂ ಹೇಳಿರಲಿಲ್ಲ. ‘1820ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಪಾಲ್ಮೈರಾ ಅಂತ ಊರು. ಹದಿನಾಲ್ಕು ವರ್ಷದ ಹುಡುಗ ಕಾಡಿಗೆ ಹೋಗಿ ಪ್ರಾರ್ಥನೆ ಮಾಡಿದನಂತೆ. ದೇವರೂ ಯೇಸುವೂ ಕಾಣಿಸಿಕೊಂಡರಂತೆ. ಯಾವ ಚರ್ಚಿಗೂ ಸೇರಬೇಡ ಅಂದರಂತೆ.’ ಅಮ್ಮ ‘ಹೌದಾ’ ಅಂದಳು, ಚಾಮುಂಡಿ ಮಹಿಷಾಸುರನನ್ನು ಕೊಂದ ಕಥೆ ಹೇಳುವಾಗ ಅವಳೂ ಅದೇ ‘ಅಂತೆ’ ಹಾಕುತ್ತಾಳೆ. ಹಾಗಂತ ಆಷಾಢ ಶುಕ್ರವಾರ ಬೆಟ್ಟ ಹತ್ತುವುದನ್ನು ಬಿಟ್ಟಿಲ್ಲ.

ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಕಾರಿನಲ್ಲೇ ಕೂತಿದ್ದೆ. ನಾನು ಸುಳ್ಳು ಹೇಳಿರಲಿಲ್ಲ. ಯಾರಿಗೂ ಅವಮಾನ ಮಾಡಿರಲಿಲ್ಲ. ಹೇಳಿದವರು ಹೇಳಿದರು, ನಾನು ಕೇಳಿದ್ದನ್ನು ದಾಟಿಸಿದೆ. ಇಂಗ್ಲಿಷಿನಲ್ಲಿ ಸಾಕ್ಷಿ ಹೇಳುವಾಗ ಈ ಜಾಗವೇ ಇರಲಿಲ್ಲ. ಒಂದೋ ಗೊತ್ತು, ಇಲ್ಲವೋ ನೀನು ದಾರಿ ತಪ್ಪಿದವನು.

ಒಂದು ನೋಟ್‌ಬುಕ್ ತಗೊಂಡು ಮೂರು ಭಾಗ ಮಾಡಿದೆ. ಗೊತ್ತು, ಅಂತೆ, ಅನಿಸುತ್ತೆ. ಓದಿದ್ದು, ಕೇಳಿದ್ದು ಎಲ್ಲ ಇದರಲ್ಲಿ ಎಲ್ಲಾದರೂ ಕೂರಬೇಕು. ಚಿನ್ನದ ಹಾಳೆಗಳು ‘ಅಂತೆ’ಗೆ ಹೋದವು. ಕಾಡಿನ ದರ್ಶನವೂ ಅಲ್ಲಿಗೇ. ಅದಕ್ಕೆ ಜೋಸೆಫನದೇ 1832, 1835, 1838, 1842ರ ನಾಲ್ಕು ವಿವರಣೆಗಳಿವೆ. ನಾಲ್ಕೂ ಒಂದೇ ಥರ ಇಲ್ಲ. ಜೋಸೆಫ್ ಸ್ಮಿತ್ ಪೇಪರ್ಸ್ ಅನ್ನುವ ಸಂಗ್ರಹದಲ್ಲಿ ಮೂಲವನ್ನೇ ಯಾರು ಬೇಕಾದರೂ ಓದಬಹುದು, ನಾನೂ ಓದಿದೆ. ‘ಗೊತ್ತು’ ಪುಟ ಖಾಲಿ ಉಳಿಯುತ್ತೆ ಅಂದುಕೊಂಡಿದ್ದೆ. ಮೊದಲು ಬರೆದದ್ದು: ಮಗ ಹುಟ್ಟಿದಾಗ ವಾರ್ಡಿನವರು ಹದಿನೈದು ದಿನ ಊಟ ತಂದರು. ಅದರಲ್ಲಿ ಐದು ದಿನ ಅದೇ ಆಲೂಗಡ್ಡೆ, ಚೀಸು, ಮೇಲೆ ಕಾರ್ನ್‌ಫ್ಲೇಕ್ಸ್. ತಿಂದು ಸಾಕಾಗಿತ್ತು. ಆದರೂ ಅದು ನನಗೆ ಗೊತ್ತು.

ವಾರ್ಡ್ ಅಂದರೆ ನಮಗೆ ಬೇಕಾದ್ದನ್ನು ಆರಿಸಿಕೊಳ್ಳುವಂತಿಲ್ಲ. ಮನೆ ಎಲ್ಲಿದೆಯೋ ಅದೇ ವಾರ್ಡು. ವಾರ್ಡನ್ನು ನಡೆಸುವ ಬಿಷಪ್ ಪಕ್ಕದ ಬೀದಿಯವರು. ಸಂಬಳ ಇಲ್ಲ, ಹೊಟ್ಟೆಪಾಡಿಗೆ ಬೇರೆ ಕೆಲಸ. ಆದ್ದರಿಂದ ಅನುಮಾನ ಅನ್ನುವುದು ಇಲ್ಲಿ ಒಳಗಿನ ವಿಷಯ ಆಗಿ ಉಳಿಯುವುದಿಲ್ಲ. ಮೈಕಿನ ಮುಂದೆ ಹೋಗುವುದನ್ನು ನಿಲ್ಲಿಸಿದ ಆರು ತಿಂಗಳಿಗೆ ಮಗನನ್ನು ಬೇರೆ ಮಕ್ಕಳ ಹುಟ್ಟುಹಬ್ಬಕ್ಕೆ ಕರೆಯುವುದು ಕಡಿಮೆಯಾಯಿತು. ಯಾರೂ ಬೇಕಂತ ಮಾಡಿರಲಿಕ್ಕಿಲ್ಲ. ಬಾಗಿಲಿಗೆ ಕುಕೀಸ್ ಮಾತ್ರ ಜಾಸ್ತಿ ಬಂದವು.

ನಾನೇ ಬಿಷಪ್ಪರ ಹತ್ತಿರ ಹೋದೆ. ಅನುಮಾನಗಳ ಪಟ್ಟಿ ಒಯ್ಯಲಿಲ್ಲ. ದೊಡ್ಡವರ ಪಾಠ ಹೇಳಲು ನನಗೆ ಆಗುತ್ತಿಲ್ಲ, ಬೇರೆ ಕೆಲಸ ಕೊಡಿ ಅಂದೆ. ನರ್ಸರಿ ಕೊಟ್ಟರು. ಹದಿನೆಂಟು ತಿಂಗಳಿಂದ ಮೂರು ವರ್ಷದ ಮಕ್ಕಳು. ಸೋಪಿನ ಗುಳ್ಳೆ ಊದಬೇಕು, ಮೀನಿನಾಕಾರದ ಬಿಸ್ಕೆಟ್ ಹಂಚಬೇಕು, ಅಳುವವರನ್ನು ಎತ್ತಿಕೊಳ್ಳಬೇಕು. ಪಪೈರಸ್ ಬಗ್ಗೆ ಯಾರೂ ಕೇಳುವುದಿಲ್ಲ. ಚರ್ಚಿನೊಳಗೆ ಉಳಿಯಬೇಕು, ಆದರೆ ಬಾಯಿಗೆ ಬೀಗ ಹಾಕಿಕೊಳ್ಳಲು ಆಗುವುದಿಲ್ಲ ಅನ್ನುವವರು ಇದನ್ನೇ ಕೇಳಿ ಪಡೆಯಿರಿ. ಇದಕ್ಕಿಂತ ಒಳ್ಳೆ ಜಾಗ ನನಗೆ ಕಂಡಿಲ್ಲ.

2018ರ ಏಪ್ರಿಲ್ 1, ಈಸ್ಟರ್. ಮನೆಯಲ್ಲಿ ಸೋಫಾದ ಮೇಲೆ ಕೂತು ಸಮ್ಮೇಳನ ನೋಡುತ್ತಿದ್ದೆವು. ಚರ್ಚಿನ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಹೊಸ ಟೆಂಪಲ್ಲುಗಳ ಪಟ್ಟಿ ಓದುತ್ತಾ ಬೆಂಗಳೂರು ಅಂದರು. ಭಾರತಕ್ಕೆ ಮೊದಲನೆಯದು. ಸಭಾಂಗಣದಲ್ಲಿ ಜನ ಉಸಿರೆಳೆದದ್ದು ಟಿವಿಯಲ್ಲೂ ಕೇಳಿಸಿತು. ನಾನು ಅತ್ತೆ. ಅರ್ಧ ನಂಬಿಕೆ ಕಳೆದುಕೊಂಡವನು ಬಿಕ್ಕಿಬಿಕ್ಕಿ ಅತ್ತೆ. ಆ ಅಳುವನ್ನು ನೋಟ್‌ಬುಕ್ಕಿನ ಮೂರು ಭಾಗದಲ್ಲಿ ಎಲ್ಲೂ ಕೂರಿಸಲು ಆಗಲಿಲ್ಲ. ಹಾಗೇ ಬಿಟ್ಟಿದ್ದೇನೆ.

ರೆಕಮೆಂಡ್ ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಸಂದರ್ಶನದ ಪ್ರಶ್ನೆಗಳು ಈಗ ಗುಟ್ಟಲ್ಲ, 2019ರ ಅಕ್ಟೋಬರಿನಲ್ಲಿ ನೆಲ್ಸನ್ ಅವರೇ ಎಲ್ಲರ ಮುಂದೆ ಓದಿದರು. ಮೊದಲ ಪ್ರಶ್ನೆಗಳು ನಂಬಿಕೆಯವು. ಮುಂದೆ ದಶಾಂಶ (ಆದಾಯದ ಹತ್ತನೇ ಒಂದು ಭಾಗ ಚರ್ಚಿಗೆ ಕೊಡುವುದು), ಕಾಫಿ. ನಡುವೆ ಒಂದು: ಎಲ್ಲದರಲ್ಲೂ ಪ್ರಾಮಾಣಿಕನಾಗಿರಲು ಪ್ರಯತ್ನಿಸುತ್ತೀಯಾ? ಅದಕ್ಕೆ ಹೌದು ಅನ್ನಬೇಕಾದರೆ ಮೊದಲಿನವಕ್ಕೆ ನನಗೆ ಗೊತ್ತಿಲ್ಲ ಅನ್ನಬೇಕು. ಬಿಷಪ್ಪರಿಗೆ ಇದನ್ನೇ ಹೇಳಿದೆ. ಅವರು ತಲೆ ಕೆರೆದುಕೊಂಡರು. ‘ಆಶಿಸುತ್ತೇನೆ ಅಂತ ಹೇಳಿದರೂ ನಾನು ಸಹಿ ಹಾಕ್ತೀನಿ’ ಅಂದರು. ಒಳ್ಳೆ ಮನುಷ್ಯ. ಆದರೂ ಬೇಡ ಅಂದೆ, ಅವಧಿ ಮುಗಿಯಲು ಬಿಟ್ಟೆ. ಹಾಗೆ ಹೇಳಿ ಒಳಗೆ ಹೋಗುವ ಗೆಳೆಯರಿದ್ದಾರೆ, ಅವರದು ತಪ್ಪು ಅನ್ನುವುದಿಲ್ಲ. ನನಗೆ ಆಗಲಿಲ್ಲ.

ಅದರ ಬೆಲೆ 2021ರಲ್ಲಿ ತಿಳಿಯಿತು. ಹೆಂಡತಿಯ ತಂಗಿಯ ಮದುವೆ. ಎಲ್ಲರೂ ಒಳಗೆ, ನಾನು ಮಗನ ಜೊತೆ ಹೊರಗಿನ ಬೆಂಚಿನಲ್ಲಿ. ಹೂವಿನ ಪಾತಿ, ಕಾರಂಜಿ, ನಗುತ್ತಾ ಬರುವ ಬೇರೆ ಬೇರೆ ಮದುವೆಗಳ ಗುಂಪು. ಒಂದು ಗಂಟೆ ಹತ್ತು ನಿಮಿಷ. ಹೊರಗೆ ಬಂದವಳಿಗೆ ಏನು ಹೇಳಬೇಕೋ ತಿಳಿಯದೆ ‘ಆಯ್ತಾ?’ ಅಂದೆ. ಅಂದ ಮೇಲೆ ಅಮ್ಮ ನೆನಪಾದಳು.

ಈಗ ಮೈಸೂರಿಗೆ ಹೋದರೆ ಕಾಫಿ ಕುಡಿಯುತ್ತೇನೆ. ಹೆಂಡತಿಗೂ ಗೊತ್ತು, ಬಿಷಪ್ಪರಿಗೂ ಗೊತ್ತು. ಯೂಟಾದಲ್ಲಿ ಕುಡಿಯುವುದಿಲ್ಲ. ಯಾಕೆ ಅಂದರೆ ಉತ್ತರ ಇಲ್ಲ. ಇಲ್ಲಿನ ಕಾಫಿ ಅಷ್ಟಕ್ಕಷ್ಟೇ ಅನ್ನುವುದೂ ಇರಬಹುದು.

ಹೋದ ವರ್ಷ ವಾರ್ಡಿನಲ್ಲಿ ವಂಶಾವಳಿ ನೋಡಿಕೊಳ್ಳುವ ಹೆಂಗಸು ಕೇಳಿದರು, ನಿಮ್ಮ ಅಜ್ಜಿಯ ಹೆಸರು ಯಾಕೆ ಇನ್ನೂ ಕೊಟ್ಟಿಲ್ಲ ಅಂತ. ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮಾಡಿಸಿಕೊಳ್ಳುವುದು ನಮ್ಮಲ್ಲಿದೆ. ಬೇಕೋ ಬೇಡವೋ ಅನ್ನುವುದು ಸತ್ತವರ ಇಷ್ಟ ಅಂತ ನಂಬಿಕೆ. ಹುಟ್ಟಿ 110 ವರ್ಷ ಆಗಿರದಿದ್ದರೆ ಹತ್ತಿರದ ಸಂಬಂಧಿಕರ ಒಪ್ಪಿಗೆ ಬೇಕು. ಅಂದರೆ ಅಮ್ಮನ ಒಪ್ಪಿಗೆ. ದಿನಾ ತುಳಸಿಗೆ ನೀರು ಹಾಕದೆ ಬಾಯಿಗೆ ನೀರು ಬಿಡದ ಅಜ್ಜಿ ಅವಳು. ನನಗೆ ಮನಸ್ಸಿರಲಿಲ್ಲ. ಹೆಂಡತಿಗೆ ಇತ್ತು. ಹೆಂಗಸಿನ ಪರವಾಗಿ ಹೆಂಗಸೇ ಮುಳುಗಬೇಕು, ಅಜ್ಜಿಗಾಗಿ ನಾನೇ ಮುಳುಗುತ್ತೇನೆ ಅಂದಳು. ಕೇಳುವುದಾದರೂ ಕೇಳೋಣ ಅಂತ ಗುರುವಾರದ ನಡಿಗೆಯಲ್ಲಿ ತೀರ್ಮಾನ ಆಯಿತು.

ವಿಡಿಯೋ ಕಾಲ್ ಮಾಡಿ ಎಲ್ಲ ವಿವರಿಸಿದೆ. ದೊಡ್ಡ ತೊಟ್ಟಿ, ಅದರ ಕೆಳಗೆ ಹನ್ನೆರಡು ಎತ್ತುಗಳ ವಿಗ್ರಹ, ಬಿಳಿ ಬಟ್ಟೆ. ಎತ್ತು ಅಂದದ್ದಕ್ಕೆ ಅಮ್ಮನಿಗೆ ಖುಷಿಯಾಯಿತು. ಆಮೇಲೆ, ‘ಪಿತೃಪಕ್ಷಕ್ಕೆ ಎಳ್ಳು ನೀರು ಬಿಡೋಕೆ ನಿನಗೆ ಆಗಲ್ಲ, ಇದಕ್ಕಾಗುತ್ತಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಮ್ಮ ಬದುಕಿದ್ದಾಗಲೇ ಯಾರ ಮಾತೂ ಕೇಳಿದವಳಲ್ಲ’ ಅಂದಳು. ಮತ್ತೆ, ಪಕ್ಕದಲ್ಲಿ ಕೂತಿದ್ದ ಸೊಸೆಯ ಮುಖ ನೋಡಿ, ‘ಪಾಪ, ಅವಳು ಯಾಕೆ ಮುಳುಗಬೇಕು? ಚಳಿ ಆಗಲ್ವಾ?’

‘ಇಲ್ಲಮ್ಮ, ನೀರು ಬೆಚ್ಚಗಿರುತ್ತೆ,’ ಅಂದೆ. ‘ಅದು ನನಗೆ ಗೊತ್ತು.’

ಯೋಚಿಸಿ ಹೇಳ್ತೀನಿ ಅಂತ ಫೋನ್ ಇಟ್ಟಳು. ಇನ್ನೂ ಹೇಳಿಲ್ಲ.