ಮಲೆನಾಡಿನ ಹಳ್ಳಿಯಲ್ಲಿ ಮನೆಖರ್ಚಿನ ಸರ್ವೆ ಮಾಡುವುದು ಹೇಗೆ?

ಬಡತನದ ಬಗ್ಗೆ ಸಂಶೋಧನೆ ಮಾಡೋಣ ಅಂತ ತೀರ್ಥಹಳ್ಳಿ ಕಡೆ ಹೊರಟಿದ್ದೀರಾ? "ತಿಂಗಳಿಗೆ ಎಷ್ಟು ದುಡಿಯುತ್ತೀರಿ?" ಅಂತ ಮಾತ್ರ ಕೇಳಬೇಡಿ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯೂ ಕೆಲಸ ಇರುತ್ತದೆ, ಜಡಿಮಳೆ ಹಿಡಿದರೆ ಅದೇ ಮನೆಯವರು ಕೂಲಿ ಇಲ್ಲದೆ ಕೂರುತ್ತಾರೆ, ಹಾಗಿರುವಾಗ ತಿಂಗಳ ಲೆಕ್ಕ ಹೇಗೆ ಹೇಳಬೇಕು ಅಲ್ವಾ?

ಖರ್ಚು ಕೇಳಿ. ಎಣ್ಣೆ, ಮೀನು, ತರಕಾರಿಗೆ ಕಳೆದ 7 ದಿನ. ಅಕ್ಕಿ, ಬೇಳೆಗೆ 30 ದಿನ. ಬಟ್ಟೆ, ಚಪ್ಪಲಿಗೆ 365 ದಿನ. 2022-23ರ ಕೇಂದ್ರ ಸರ್ಕಾರದ ಸರ್ವೆಯೂ ಹೀಗೇ ಕೇಳಿತ್ತು. ಜಗಲಿಯಲ್ಲಿ ಕೂತ ಯಜಮಾನರನ್ನಲ್ಲ, ಎಣ್ಣೆ ಡಬ್ಬಿ ಎಷ್ಟು ದಿನ ಬಂತು ಅಂತ ಗೊತ್ತಿರುವ ಅಡುಗೆಮನೆಯವರನ್ನು ಕೇಳಿ. ಗದ್ದೆಯ ಅಕ್ಕಿ, ಕಾಡಿನ ಕಳಲೆ, ಸೌದೆಗೂ ಬೆಲೆ ಕಟ್ಟಿ.

ರಸ್ತೆ ಪಕ್ಕದ ಮನೆಗಳಷ್ಟೇ ಸಾಲದು. ಎಲ್ಲ ಮನೆಗಳ ಪಟ್ಟಿ ಮಾಡಿ ಚೀಟಿ ಎತ್ತಿ, ಸಂಕ ದಾಟಿ ಗುಡ್ಡ ಹತ್ತಬೇಕಾದ ಮನೆಯ ಹೆಸರು ಬಂದರೆ ಅಲ್ಲಿಗೇ ಹೋಗಿ. ನಿಜವಾದ ಕಷ್ಟ ಜಾಸ್ತಿ ಇರುವುದು ಅಲ್ಲೇ.

ಕೊನೆಗೆ ವಿಶ್ವಬ್ಯಾಂಕಿನ ದಿನಕ್ಕೆ 3 ಡಾಲರ್ ಬಡತನದ ಗೆರೆ ಇದೆಯಲ್ಲ, 2025ರಲ್ಲಿ ಬಂದಿದ್ದು, ಅದನ್ನು ಬ್ಯಾಂಕ್ ರೇಟಿನಲ್ಲಿ ಸುಮ್ನೆ ಗುಣಿಸಬೇಡಿ. ಅದು ಕೊಳ್ಳುವ ಶಕ್ತಿಗೆ ಹೊಂದಿಸಿದ ಡಾಲರ್. ಹಾಗಾಗಿ ಅದರ ರೂಪಾಯಿ ಲೆಕ್ಕ ಬ್ಯಾಂಕ್ ರೇಟಿನ ಲೆಕ್ಕಕ್ಕಿಂತ ತುಂಬಾ ಕಡಿಮೆ ಬರುತ್ತದೆ.