ಹಳೇ ಅಂಬಾಸಿಡರ್: ನೀರು ಕಮ್ಮಿಯಾಗುತ್ತೆ, ಸೋರೋದು ಮಾತ್ರ ಕಾಣಲ್ಲ

ನೆಲದ ಮೇಲೆ ಹನಿ ಇಲ್ಲ, ಆದ್ರೂ ರೇಡಿಯೇಟರ್ ನೀರು ಇಳೀತಿದೆ ಅಂದ್ರೆ ಬಹುತೇಕ ಬಿಸಿ ಇಂಜಿನ್ ಮೇಲೇ ಬಿದ್ದು ಆವಿಯಾಗ್ತಿರುತ್ತೆ. ಚಾಮುಂಡಿ ಬೆಟ್ಟ ಹತ್ತಿಸಿ ತಂದು ಬಾನೆಟ್ ಎತ್ತಿದ್ರೆ ಏನೂ ಸಿಗಲ್ಲ. ರಾತ್ರಿಯಿಡೀ ತಣ್ಣಗಾದ ಇಂಜಿನ್‌ಗೆ ಬೆಳಗ್ಗೆ ಪ್ರೆಷರ್ ಟೆಸ್ಟರ್ (ರೇಡಿಯೇಟರ್ ಬಾಯಿಗೆ ಕೂರಿಸಿ ಒತ್ತಡ ಕೊಡೋ, ಮೀಟರ್ ಇರೋ ಕೈಪಂಪ್) ಹಾಕಿ. ರೇಡಿಯೇಟರ್ ಮುಚ್ಚಳದ ಮೇಲೆ 7 ಪಿಎಸ್‌ಐ (ಒತ್ತಡದ ಅಳತೆ) ಅಂತಿದ್ರೆ 7 ಮಾತ್ರ. ಜಾಸ್ತಿ ಕೊಟ್ರೆ ಹಳೇ ರೇಡಿಯೇಟರ್ ಬೆಸುಗೆ ಬಿಟ್ಕೊಳ್ಳುತ್ತೆ. 15 ನಿಮಿಷ ಬಿಡಿ. ಮೀಟರ್ ಮುಳ್ಳು ಇಳಿದ್ರೆ ಟಾರ್ಚು, ಚಿಕ್ಕ ಕನ್ನಡಿ ಹಿಡಿದು ಹುಡುಕಿ.

ಮೊದಲು ವಾಟರ್ ಪಂಪ್ ಅಡಿಯ ಸಣ್ಣ ತೂತು. ಅದು ಒದ್ದೆಯಿದ್ರೆ ಸೀಲ್ ಹೋಗಿದೆ. ತೂತಿಗೆ ಎಂ-ಸೀಲ್ ಮೆತ್ತಬೇಡಿ, ನೀರು ಬೇರಿಂಗ್‌ಗೆ ನುಗ್ಗುತ್ತೆ. ಆಮೇಲೆ ಇಂಜಿನ್ ಬ್ಲಾಕಿನ ಕೋರ್ ಪ್ಲಗ್‌ಗಳು (ಬ್ಲಾಕಿನ ತೂತು ಮುಚ್ಚೋ ಲೋಹದ ಬಿಲ್ಲೆಗಳು): ಕೂಲೆಂಟ್ ಇಲ್ಲದೆ ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರಲ್ಲಿ ಓಡಿದ ಗಾಡೀಲಿ ಒಳಗಿಂದ ತುಕ್ಕು ತಿಂದಿರುತ್ತೆ, ಅಂಚಲ್ಲಿ ಕೆಂಪು ಕಲೆ ಕಾಣುತ್ತೆ. ಹೋಸ್ ಕ್ಲಿಪ್‌ಗಳನ್ನ ತಣ್ಣಗಿದ್ದಾಗಲೇ ಬಿಗಿ ಮಾಡಿ.

ಹೊರಗೆಲ್ಲಾ ಒಣಗಿದ್ದು ಮುಳ್ಳು ಇಳೀತಿದ್ರೆ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸೆಲ್ಫ್ ಹೊಡೀರಿ. ಯಾವುದಾದ್ರೂ ತೂತಿಂದ ನೀರು ಚಿಮ್ಮಿದ್ರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ, ಇಲ್ಲಾ ಹೆಡ್ಡೇ ಬಿರುಕು ಬಿಟ್ಟಿದೆ.

ಸೋರೋದು ನಿಲ್ಲಿಸೋಕೆ ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕೋ ಉಪಾಯ ಮದ್ದೂರಿಂದ ಮೈಸೂರು ತಲುಪೋಕಷ್ಟೇ. ಆಮೇಲೆ ಪೂರ್ತಿ ಫ್ಲಶ್ ಮಾಡದಿದ್ರೆ ರೇಡಿಯೇಟರ್ ಕೊಳವೆ ಕಟ್ಕೊಳ್ಳುತ್ತೆ.